ಸ್ವಂತ ಬೈಕು-ಕಾರುಗಳ ಹೊಗೆ ಲೆಕ್ಕ: ನಿಮ್ಮೂರ ಪಾಲಿಕೆಗೆ ನೆರವಾಗೋದು ಹೇಗೆ, ಹಂತ ಹಂತವಾಗಿ

"ನಮ್ಮೂರಲ್ಲಿ ವಾಹನದ ಹೊಗೆ ಎಷ್ಟು ಅಂತ ಅಳೆಯೋಕೆ ಯಾವ ಮಷೀನ್ ತಗೋಬೇಕು?" ಈ ಪ್ರಶ್ನೆ ಬರ್ತಾನೇ ಇದೆ. ಕೇಳೋರಲ್ಲಿ ಬಡಾವಣೆ ಸಂಘದೋರು ಇದಾರೆ, ಎಂಜಿನಿಯರಿಂಗ್ ಕಾಲೇಜು ಹುಡುಗರು ಇದಾರೆ, ಒಂದಿಬ್ಬರು ಪಾಲಿಕೆ ಪರಿಸರ ಎಂಜಿನಿಯರುಗಳೂ ಇದಾರೆ. ಎಲ್ಲರಿಗೂ ಒಂದೇ ಉತ್ತರ, ಮಷೀನ್ ಬೇಡ. ಒಂದು ಎಕ್ಸೆಲ್ ಶೀಟು, ಎಣಿಸೋಕೆ ಹತ್ತು ಹನ್ನೆರಡು ಜನ, ಪಾಲಿಕೆಯಿಂದ ಒಂದು ಪತ್ರ, ಮೂರು ತಿಂಗಳು ಸಮಯ ಇದ್ರೆ ನಮ್ಮ ಮೈಸೂರು, ಶಿವಮೊಗ್ಗ, ದಾವಣಗೆರೆ ಥರದ ಊರಿಗೆ ಸಾಕಾಗೋ ಲೆಕ್ಕ ಮಾಡ್ಬಹುದು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹೆಚ್ಚಿನೋರು ಇಲ್ಲೇ ದಾರಿ ತಪ್ಪೋದು. ಎಲ್ಲರೂ ವಾಹನ ಎಣಿಸ್ತಾರೆ. ಆದ್ರೆ ಹೊಗೆ ಬರೋದು ವಾಹನ ನಿಂತಿರೋದ್ರಿಂದ ಅಲ್ಲ, ಅದು ಓಡೋದ್ರಿಂದ. ಮನೆ ಮುಂದೆ ವಾರಗಟ್ಟಲೆ ಕವರ್ ಹೊದ್ದು ನಿಂತಿರೋ ಕಾರೂ, ದಿನಾ ಮೈಸೂರಿನ ಹೆಬ್ಬಾಳದಿಂದ ನಂಜನಗೂಡು ಫ್ಯಾಕ್ಟರಿಗೆ ಹೋಗಿಬರೋ ಕಾರೂ ರಿಜಿಸ್ಟರಲ್ಲಿ ಒಂದೊಂದೇ. ಹಾಗಾಗಿ ಈ ಇಡೀ ಕೆಲಸದಲ್ಲಿ ನೀವು ಬೆನ್ನು ಹತ್ತಬೇಕಾಗಿರೋದು ಕಿಲೋಮೀಟರನ್ನ, ಅದರಲ್ಲೂ ಊರೊಳಗಿನ ಚಿಕ್ಕ ಚಿಕ್ಕ ಓಡಾಟಗಳ ಕಿಲೋಮೀಟರನ್ನ. ಇಂಜಿನ್ ಬದಲಾಯಿಸೋ ಅಧಿಕಾರ ಪಾಲಿಕೆಗೆ ಇಲ್ಲ, ಆದ್ರೆ ಫುಟ್‌ಪಾತು, ಪಾರ್ಕಿಂಗು, ಶಾಲೆ ಮುಂದಿನ ರಸ್ತೆ ಇವೆಲ್ಲ ಅದರ ಕೈಲೇ ಇದೆ.

ಉದಾಹರಣೆಗೆ ಮೈಸೂರನ್ನ ಇಟ್ಕೊಂಡು ಹೇಳ್ತಾ ಹೋಗ್ತೀನಿ, ನಿಮ್ಮೂರಿಗೆ ಹೊಂದಿಸಿಕೊಳ್ಳಿ.

1. ಯಾವ ಹೊಗೆ, ಯಾವ ಗಡಿ: ಇದನ್ನ ಮೊದಲು ಬರೆದಿಡಿ

ವಾಹನದಿಂದ ಎರಡು ಥರದ ತೊಂದರೆ ಇದೆ. ಒಂದು, ಭೂಮಿ ಬಿಸಿ ಮಾಡೋ ಕಾರ್ಬನ್ ಡೈಆಕ್ಸೈಡ್. ಇನ್ನೊಂದು, ಉಸಿರಿಗೆ ಹೋಗೋ ವಿಷ, ಅಂದ್ರೆ ಸೂಕ್ಷ್ಮ ಧೂಳಿನ ಕಣ, ನೈಟ್ರೋಜನ್ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್. ಎರಡನ್ನೂ ಒಂದೇ ಪಟ್ಟಿಗೆ ಹಾಕಬೇಡಿ. ಮೊದಲನೆಯದು ಎಷ್ಟು ಲೀಟರ್ ಸುಟ್ಟಿತು ಅನ್ನೋದರ ಮೇಲೆ ನಿಂತಿದೆ, ಇಂಜಿನ್ ಹೊಸದಾದ್ರೂ ಹಳೇದಾದ್ರೂ ಲೀಟರಿಗೆ ಹೆಚ್ಚುಕಮ್ಮಿ ಅಷ್ಟೇ ಬರತ್ತೆ. ಎರಡನೆಯದು ಇಂಜಿನ್ ಎಂಥದ್ದು, ಬಿಎಸ್-4 ಅಥವಾ ಬಿಎಸ್-6, ಪೆಟ್ರೋಲ್ ಅಥವಾ ಡೀಸೆಲ್, ಹೇಗೆ ಇಟ್ಕೊಂಡಿದಾರೆ ಅನ್ನೋದರ ಮೇಲೆ ಬಹಳ ಬದಲಾಗತ್ತೆ. ಬಿಎಸ್ ಅಂದ್ರೆ ಭಾರತ್ ಸ್ಟೇಜ್, ವಾಹನದ ಹೊಗೆಗೆ ಕೇಂದ್ರ ಸರ್ಕಾರ ಹಾಕಿರೋ ಮಿತಿ. ಬಿಎಸ್-6 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂತು.

ಇಲ್ಲಿ ಎಲ್ಲರೂ ಕೇಳೋದು, "ಪಿಯುಸಿ (ಹೊಗೆ ತಪಾಸಣೆ) ಸರ್ಟಿಫಿಕೇಟ್ ಡೇಟಾ ತಗೊಂಡ್ರೆ ಆಗಲ್ವಾ?" ಆಗಲ್ಲ. ಪೆಟ್ರೋಲ್ ಗಾಡಿಗೆ ಪಿಯುಸಿಯಲ್ಲಿ ನೋಡೋದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆ, ಅದೂ ಗಾಡಿ ನಿಂತ ಜಾಗದಲ್ಲೇ. ಆ ಗಾಡಿ ವರ್ಷಕ್ಕೆ ಎಷ್ಟು ಟನ್ ಬಿಡತ್ತೆ ಅಂತ ಆ ಚೀಟಿ ಹೇಳಲ್ಲ.

ಇನ್ನು ಗಡಿ. ಊರಿನ ಲೆಕ್ಕ ಹೇಗೆ ಮಾಡ್ಬೇಕು ಅಂತ ಒಂದು ಅಂತಾರಾಷ್ಟ್ರೀಯ ಪದ್ಧತಿ ಇದೆ, 2014ರಲ್ಲಿ ಬಂದಿದ್ದು, ಜಿಪಿಸಿ ಅಂತ ಕರೀತಾರೆ, ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆ, ನಗರಗಳ ಒಕ್ಕೂಟಗಳಾದ ಸಿ40, ಇಕ್ಲೀ ಈ ಮೂರೂ ಸೇರಿ ಮಾಡಿದ್ದು. ಅದರಲ್ಲಿ ರಸ್ತೆ ಸಾರಿಗೆಗೆ ನಾಲ್ಕು ದಾರಿ ಕೊಟ್ಟಿದಾರೆ: ಊರೊಳಗೆ ಮಾರಾಟವಾದ ಇಂಧನ ಲೆಕ್ಕ ಹಾಕೋದು, ಊರಿನ ನಿವಾಸಿಗಳು ಎಲ್ಲಿ ಓಡಾಡಿದ್ರೂ ಅದನ್ನ ಲೆಕ್ಕ ಹಾಕೋದು, ಊರಿನ ಗಡಿಯೊಳಗೆ ಯಾರೇ ಓಡಾಡಿದ್ರೂ ಅದನ್ನ ಲೆಕ್ಕ ಹಾಕೋದು, ಊರಿಂದ ಶುರುವಾಗೋ ಅಥವಾ ಊರಲ್ಲಿ ಮುಗಿಯೋ ಪ್ರಯಾಣ ಲೆಕ್ಕ ಹಾಕೋದು. ನನ್ನ ಸಲಹೆ, ಮಧ್ಯಮ ಗಾತ್ರದ ಊರಿಗೆ ನಿವಾಸಿಗಳ ಲೆಕ್ಕ ಮುಖ್ಯವಾಗಿಟ್ಕೊಳ್ಳಿ, ಇಂಧನ ಮಾರಾಟವನ್ನ ಪರೀಕ್ಷೆಗೆ ಬಳಸಿ. ಯಾವುದನ್ನ ಆರಿಸಿದ್ರಿ ಅಂತ ವರದಿಯ ಮೊದಲ ಪುಟದಲ್ಲೇ ಬರೀರಿ, ಮುಂದಿನ ವರ್ಷ ಬೇರೆಯವರು ಮಾಡಿದ್ರೂ ಅದನ್ನೇ ಹಿಡೀಬೇಕು.

2. ವಾಹನ ಎಷ್ಟಿದೆ

ವಾಹನ್ ಡ್ಯಾಶ್‌ಬೋರ್ಡ್ ಅಂತ ಕೇಂದ್ರ ಸಾರಿಗೆ ಸಚಿವಾಲಯದ ತಾಣ ಇದೆ, ಎಲ್ಲರಿಗೂ ತೆರೆದಿದೆ. ರಾಜ್ಯ, ಆರ್‌ಟಿಒ, ವಾಹನದ ಬಗೆ, ಇಂಧನ, ಬಿಎಸ್ ಹಂತ, ವರ್ಷ ಇಷ್ಟೂ ಆರಿಸಿ ಪಟ್ಟಿ ಇಳಿಸ್ಕೊಬಹುದು. ಮೈಸೂರಿಗೆ ಎರಡು ಆರ್‌ಟಿಒ, ಕೆಎ-09 ಪಶ್ಚಿಮ, ಕೆಎ-55 ಪೂರ್ವ. ಎರಡನ್ನೂ ಕೂಡಿಸಿ. ದ್ವಿಚಕ್ರ ವಾಹನ, ಖಾಸಗಿ ಕಾರು ಇವೆರಡೇ ತಗೊಳ್ಳಿ, ಟ್ಯಾಕ್ಸಿ ಆಟೋ ಬಸ್ಸು ಲಾರಿ ಬೇರೆ ಶೀಟಲ್ಲಿ ಇರಲಿ.

ಈಗ ಎಚ್ಚರಿಕೆಗಳು. ಒಟ್ಟು ನೋಂದಣಿ ಅಂತ ಕಾಣೋ ಸಂಖ್ಯೆಯಲ್ಲಿ ಗುಜರಿಗೆ ಹೋಗಿರೋ ಎಷ್ಟೋ ಗಾಡಿಗಳು ಇನ್ನೂ ಜೀವಂತ ಇರ್ತವೆ, ಯಾಕಂದ್ರೆ ಗುಜರಿಗೆ ಕೊಟ್ಟೋರು ಆರ್‌ಸಿ ರದ್ದು ಮಾಡ್ಸೋದು ಕಡಿಮೆ. ಖಾಸಗಿ ಗಾಡಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ, ಹಾಗಾಗಿ ಹಿಂದಿನ 15 ವರ್ಷದ ನೋಂದಣಿಯನ್ನ ಒಂದು ಗುಂಪು, ಅದಕ್ಕಿಂತ ಹಳೇದನ್ನ ಇನ್ನೊಂದು ಗುಂಪು ಮಾಡಿ, ಹಳೇ ಗುಂಪಲ್ಲಿ ಎಷ್ಟು ಭಾಗ ರಸ್ತೆ ಮೇಲಿದೆ ಅನ್ನೋದನ್ನ 3ನೇ ಹಂತದಲ್ಲಿ ಬರ್ಕೊಳ್ಳೋ ಗಾಡಿಗಳ ವರ್ಷದಿಂದ ಸರಿಮಾಡ್ಕೊಳ್ಳಿ. ಇನ್ನೊಂದು, ಆರ್‌ಟಿಒ ವ್ಯಾಪ್ತಿ ಬೇರೆ, ಪಾಲಿಕೆ ಗಡಿ ಬೇರೆ. ಸುತ್ತಲಿನ ಹಳ್ಳಿಗಳ ಗಾಡಿಗಳೂ ಅದೇ ನಂಬರಲ್ಲಿ ಓಡ್ತವೆ, ಕೆಎ-09 ಬೋರ್ಡಿನ ಎಷ್ಟೋ ಕಾರುಗಳು ಬೆಂಗಳೂರಲ್ಲೇ ಬಿಡಾರ ಹೂಡಿರ್ತವೆ, ಹಾಗೇ ಮೈಸೂರಲ್ಲಿ ವಾಸ ಇರೋರ ಗಾಡಿ ಕೆಎ-12 ಕೊಡಗಿನದೋ ಕೆಎ-11 ಮಂಡ್ಯದ್ದೋ ಆಗಿರಬಹುದು. ಅದಕ್ಕೇ ಮನೆ ಸಮೀಕ್ಷೆಯಲ್ಲಿ "ನಿಮ್ಮನೇಲಿ ಓಡೋ ಗಾಡಿ ಎಷ್ಟು" ಅಂತ ಕೇಳಿ ಬರೋ ಸರಾಸರಿಯನ್ನ ಮನೆಗಳ ಸಂಖ್ಯೆಯಿಂದ ಗುಣಿಸಿ ನೋಡಿ, ವಾಹನ್ ಸಂಖ್ಯೆ ಪಕ್ಕದಲ್ಲಿಡಿ. ನನಗೆ ಮನೆ ಸಮೀಕ್ಷೆ ಸಂಖ್ಯೆ ಮೇಲೆ ಹೆಚ್ಚು ನಂಬಿಕೆ.

3. ಕಿಲೋಮೀಟರ್ ಹಿಡಿಯೋದು (ಇಲ್ಲಿ ಅವಸರ ಮಾಡಬೇಡಿ)

ಇಡೀ ಕೆಲಸದ ಹೃದಯ ಇದು. ವರ್ಷಕ್ಕೆ ಒಂದು ಗಾಡಿ ಸರಾಸರಿ ಎಷ್ಟು ಓಡತ್ತೆ ಅನ್ನೋದು ತಪ್ಪಾದ್ರೆ ಮುಂದಿನದೆಲ್ಲ ತಪ್ಪು.

ಮೊದಲ ದಾರಿ ಓಡೋಮೀಟರ್. ಗ್ಯಾರೇಜು, ಪಿಯುಸಿ ಸೆಂಟರ್, ಅಪಾರ್ಟ್‌ಮೆಂಟ್ ಪಾರ್ಕಿಂಗ್, ಕಾಲೇಜು ಸ್ಟ್ಯಾಂಡ್ ಹೀಗೆ ಬೇರೆ ಬೇರೆ ಜಾಗದಲ್ಲಿ ಮಾಲೀಕರನ್ನ ಕೇಳ್ಕೊಂಡು ಮೀಟರಲ್ಲಿ ಎಷ್ಟಿದೆ, ಗಾಡಿ ಯಾವ ವರ್ಷದ್ದು ಬರ್ಕೊಳ್ಳಿ. 42,000 ತೋರಿಸೋ ಏಳು ವರ್ಷದ ಸ್ಕೂಟರ್ ಅಂದ್ರೆ ವರ್ಷಕ್ಕೆ 6,000. ಇಷ್ಟೇ ಲೆಕ್ಕ. ಆದ್ರೆ ಹಳೇ ಬೈಕಲ್ಲಿ ಮೀಟರ್ ಕೇಬಲ್ ಕಿತ್ತುಹೋಗಿ ವರ್ಷಗಳಾಗಿರತ್ತೆ, ಅದಕ್ಕೆ "ಮೀಟರ್ ಓಡ್ತಾ ಇದ್ಯಾ ಸರ್/ಮೇಡಂ" ಅನ್ನೋದೇ ಮೊದಲ ಪ್ರಶ್ನೆ, ಇಲ್ಲ ಅಂದ್ರೆ ಆ ಗಾಡಿ ಬಿಟ್ಟುಬಿಡಿ. ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ರೆ ಪಕ್ಕದಲ್ಲಿ ಗುರುತು ಹಾಕಿ, ಮೀಟರ್ ತಿರುಗಿಸಿ ಮಾರೋದು ಎಲ್ಲರಿಗೂ ಗೊತ್ತಿರೋ ವಿಚಾರ. ಗ್ಯಾರೇಜಲ್ಲಿ ಮಾತ್ರ ಕೇಳಿದ್ರೆ ಹೆಚ್ಚು ಓಡೋ ಗಾಡಿಗಳೇ ಸಿಗ್ತವೆ, ಯಾಕಂದ್ರೆ ಅವೇ ಸರ್ವಿಸಿಗೆ ಬೇಗ ಬೇಗ ಬರೋದು, ಅಪಾರ್ಟ್‌ಮೆಂಟಲ್ಲಿ ಮಾತ್ರ ಕೇಳಿದ್ರೆ ಕಡಿಮೆ ಓಡೋ ಕಾರುಗಳು ಜಾಸ್ತಿ ಸಿಗ್ತವೆ, ಎರಡೂ ಕಡೆ ಹೋಗಿ.

ಎರಡನೇ ದಾರಿ ಮನೆ ಸಮೀಕ್ಷೆ. ಸುಮಾರು 400 ಮನೆ ಸಾಕು, ಆದ್ರೆ ಅಷ್ಟೂ ಮನೆ ಒಂದೇ ಬಡಾವಣೆಯಲ್ಲಿ ಆಗಬಾರದು, ಕುವೆಂಪುನಗರದಲ್ಲೂ ಇರಲಿ ಎನ್.ಆರ್. ಮೊಹಲ್ಲಾದಲ್ಲೂ ಇರಲಿ, ಬಾಡಿಗೆ ಮನೆಗಳೂ ಇರಲಿ. "ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ" ಅಂತ ಕೇಳಬೇಡಿ, ಜನ ಬಾಯಿಗೆ ಬಂದ ಸಂಖ್ಯೆ ಹೇಳ್ತಾರೆ. "ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಮನೇಲಿ ಯಾರ್ಯಾರು ಎಲ್ಲೆಲ್ಲಿಗೆ ಹೋದ್ರಿ, ಹೇಗೆ ಹೋದ್ರಿ" ಅಂತ ಕೇಳಿ. ಹಾಲು ತರೋಕೆ, ಮಗೂನ ಶಾಲೆಗೆ ಬಿಡೋಕೆ, ವಾಪಸ್, ಆಫೀಸು, ಸಂಜೆ ಟ್ಯೂಷನ್ನು, ಸೊಪ್ಪು ತರೋಕೆ ಮಾರ್ಕೆಟ್ಟು, ಹೀಗೆ ಒಂದೊಂದೇ ಹೊರಗೆ ಬರತ್ತೆ, ಜಾಗದ ಹೆಸರು ಬರ್ಕೊಂಡು ದೂರವನ್ನ ಆಮೇಲೆ ಮ್ಯಾಪಲ್ಲಿ ನೀವೇ ನೋಡ್ಕೊಳ್ಳಿ. ಭಾನುವಾರದ ಮಾರನೇ ದಿನ ಸಮೀಕ್ಷೆ ಮಾಡಿದ್ರೆ "ನಿನ್ನೆ" ಅಂದ್ರೆ ರಜೆ ದಿನ ಆಗತ್ತೆ, ಹಾಗಾಗಿ ಮಂಗಳವಾರದಿಂದ ಶನಿವಾರದವರೆಗೆ ಮಾಡಿ, ಭಾನುವಾರದ ಓಡಾಟ ಬೇಕಾದ್ರೆ ಪ್ರತ್ಯೇಕವಾಗಿ ಒಂದು ಸೋಮವಾರ ಮಾಡಿ. ಅಮ್ಮಂದಿರ, ಅಜ್ಜಿಯರ ಓಡಾಟವನ್ನ ಮನೆಯ ಗಂಡಸರು ಹೇಳೋಕೆ ಬಿಡಬೇಡಿ, ಅವರನ್ನೇ ಕೇಳಿ.

ಈ ಸಮೀಕ್ಷೆಯಿಂದ ಇನ್ನೊಂದು ಅಮೂಲ್ಯವಾದ್ದು ಸಿಗತ್ತೆ: 3 ಕಿಲೋಮೀಟರಿಗಿಂತ ಕಡಿಮೆ ದೂರದ ಓಡಾಟಗಳಲ್ಲಿ ಎಷ್ಟು ಭಾಗ ಬೈಕು ಕಾರಲ್ಲಿ ಆಗ್ತಿದೆ ಅನ್ನೋದು. ಇದನ್ನ ದಪ್ಪ ಅಕ್ಷರದಲ್ಲಿ ಬರೆದಿಡಿ, 8ನೇ ಹಂತಕ್ಕೆ ಬೇಕು.

ಹೆಸರು, ಫೋನ್ ನಂಬರು, ಗಾಡಿಯ ಪೂರ್ತಿ ನಂಬರು ಶೀಟಲ್ಲಿ ಇಡಬೇಡಿ. ಲೆಕ್ಕಕ್ಕೆ ಅವು ಬೇಡ, ಜನರ ಖಾಸಗಿ ವಿಷಯ ಸೋರಿಹೋದ್ರೆ ಮುಂದಿನ ವರ್ಷ ಯಾರೂ ಬಾಗಿಲು ತೆರೆಯಲ್ಲ.

4. ಲೆಕ್ಕ ಹಾಕೋದು

ಸೂತ್ರ ಒಂದೇ ಸಾಲು:

ವಾಹನಗಳ ಸಂಖ್ಯೆ × ವರ್ಷಕ್ಕೆ ಕಿಲೋಮೀಟರ್ ÷ ಮೈಲೇಜು × ಲೀಟರಿಗೆ ಬರೋ ಕಾರ್ಬನ್ ಡೈಆಕ್ಸೈಡ್

ಕೊನೆಯದಕ್ಕೆ ಎಮಿಷನ್ ಫ್ಯಾಕ್ಟರ್ ಅಂತಾರೆ. ಪೆಟ್ರೋಲ್ ಒಂದು ಲೀಟರ್ ಸುಟ್ರೆ ಸುಮಾರು 2.3 ಕೆಜಿ, ಡೀಸೆಲ್ ಸುಮಾರು 2.7 ಕೆಜಿ, ಸಿಎನ್‌ಜಿ ಒಂದು ಕೆಜಿ ಸುಟ್ರೆ ಸುಮಾರು 2.7 ಕೆಜಿ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕೆಜಿ ಇರತ್ತೆ, ಅದರಿಂದ 2.3 ಕೆಜಿ ಹೇಗೆ ಬರತ್ತೆ ಅಂತ ಪ್ರತಿ ಸಭೆಯಲ್ಲೂ ಯಾರಾದ್ರೂ ಕೇಳ್ತಾರೆ. ಪೆಟ್ರೋಲಲ್ಲಿರೋ ಇಂಗಾಲ ಉರಿಯುವಾಗ ಗಾಳಿಯಲ್ಲಿರೋ ಆಮ್ಲಜನಕದ ಜೊತೆ ಸೇರ್ಕೊಳ್ಳತ್ತೆ, ತೂಕ ಅಲ್ಲಿಂದ ಬರತ್ತೆ. ಉತ್ತರ ರೆಡಿ ಇಟ್ಕೊಳ್ಳಿ.

ಒಂದು ಲೆಕ್ಕ ಮಾಡಿ ತೋರಿಸ್ತೀನಿ, ಸಂಖ್ಯೆಗಳು ಅಭ್ಯಾಸಕ್ಕೆ ಅಂತ ಇಟ್ಕೊಂಡಿರೋದು, ಯಾವ ಊರಿನದ್ದೂ ಅಲ್ಲ. ಒಂದು ಊರಲ್ಲಿ 1,00,000 ದ್ವಿಚಕ್ರ ವಾಹನ ಓಡ್ತಿವೆ, ವರ್ಷಕ್ಕೆ 6,000 ಕಿಲೋಮೀಟರ್, ಮೈಲೇಜು 45 ಅಂತ ಇಟ್ಕೊಳ್ಳಿ. ಒಂದು ಗಾಡಿಗೆ 133 ಲೀಟರ್, ಅಂದ್ರೆ 307 ಕೆಜಿ. ಒಟ್ಟು ಸುಮಾರು 30,700 ಟನ್. ಅದೇ ಊರಲ್ಲಿ 20,000 ಪೆಟ್ರೋಲ್ ಕಾರು, ವರ್ಷಕ್ಕೆ 7,500 ಕಿಲೋಮೀಟರ್, ಮೈಲೇಜು 15. ಒಂದು ಕಾರಿಗೆ 500 ಲೀಟರ್, 1,150 ಕೆಜಿ. ಒಟ್ಟು 23,000 ಟನ್. ಕಾರುಗಳು ಸಂಖ್ಯೆಯಲ್ಲಿ ಆರರಲ್ಲಿ ಒಂದು ಭಾಗ, ಹೊಗೆಯಲ್ಲಿ ಐದರಲ್ಲಿ ಎರಡು ಭಾಗಕ್ಕಿಂತ ಹೆಚ್ಚು. ನಿಮ್ಮೂರ ಸಂಖ್ಯೆ ಹಾಕಿ ನೋಡಿದಾಗಲೂ ಇಂಥದ್ದೇ ಚಿತ್ರ ಬರೋ ಸಾಧ್ಯತೆ ಇದೆ, ಅದನ್ನ ಕಾರ್ಪೊರೇಟರುಗಳಿಗೆ ತೋರಿಸೋದು ಬಹಳ ಮುಖ್ಯ.

ಮೈಲೇಜಿಗೆ ಕಂಪನಿ ಜಾಹೀರಾತಿನ ಸಂಖ್ಯೆ ಹಾಕಬೇಡಿ. ಅದು ಲ್ಯಾಬಲ್ಲಿ ಅಳೆದಿದ್ದು. ಸಯ್ಯಾಜಿರಾವ್ ರಸ್ತೆ ಸಿಗ್ನಲಲ್ಲಿ ನಿಂತು ನಿಂತು ಹೋಗೋ ಗಾಡಿಗೆ ಅಷ್ಟು ಕೊಡಲ್ಲ. ಒಂದಿಪ್ಪತ್ತು ಮೂವತ್ತು ಜನರ ಹತ್ರ ಫುಲ್ ಟ್ಯಾಂಕ್ ಪರೀಕ್ಷೆ ಮಾಡ್ಸಿ: ಟ್ಯಾಂಕ್ ತುಂಬಿಸಿ ಮೀಟರ್ ಬರ್ಕೊಳ್ಳೋದು, ಮತ್ತೆ ತುಂಬಿಸೋವಾಗ ಎಷ್ಟು ಲೀಟರ್ ಹಿಡೀತು, ಎಷ್ಟು ಓಡಿತ್ತು ನೋಡೋದು.

ಎಥನಾಲ್ ವಿಚಾರ ಈಗ ಬಿಡೋ ಹಾಗಿಲ್ಲ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಜಿಪಿಸಿ ಪ್ರಕಾರ ಎಥನಾಲ್ ಭಾಗದ ಕಾರ್ಬನ್ ಡೈಆಕ್ಸೈಡನ್ನ ಬೇರೆ ಸಾಲಲ್ಲಿ ತೋರಿಸ್ಬೇಕು, ಯಾಕಂದ್ರೆ ಅದು ಬೆಳೆಯಿಂದ ಬಂದಿದ್ದು. ಹಾಗಾಗಿ ಇ20 ಲೀಟರಿಗೆ ಪೆಟ್ರೋಲ್ ಭಾಗದಿಂದ ಸುಮಾರು 1.84 ಕೆಜಿ ಅಷ್ಟೇ ಮುಖ್ಯ ಲೆಕ್ಕಕ್ಕೆ ಬರತ್ತೆ. ಮೇಲಿನ ಅಭ್ಯಾಸದಲ್ಲಿ ಸುಲಭ ಇರಲಿ ಅಂತ ಪೂರ್ತಿ ಪೆಟ್ರೋಲಿನ 2.3 ಬಳಸಿದೀನಿ, ನಿಮ್ಮ ವರದಿಯಲ್ಲಿ ಬೇರೆ ಮಾಡಿ. ಇದು ಮುಖ್ಯ ಯಾಕೆ ಅಂದ್ರೆ, ಹಳೇ ವರ್ಷ 2.3 ಹಾಕಿ ಹೊಸ ವರ್ಷ 1.84 ಹಾಕಿದ್ರೆ ಜನ ಒಂದು ಕಿಲೋಮೀಟರೂ ಕಡಿಮೆ ಓಡಿಸದೇ ಇದ್ರೂ ಪಾಲಿಕೆ ಸಾಧನೆ ಮಾಡಿದ ಹಾಗೆ ಕಾಣತ್ತೆ.

ಎಲೆಕ್ಟ್ರಿಕ್ ಗಾಡಿಗೆ ಸೊನ್ನೆ ಹಾಕಬೇಡಿ. ನಮ್ಮ ದೇಶದ ಗ್ರಿಡ್ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಇದೆ, ಕೇಂದ್ರ ವಿದ್ಯುತ್ ಪ್ರಾಧಿಕಾರ ಇದರ ಪಟ್ಟಿ ಬಿಡುಗಡೆ ಮಾಡ್ತಾ ಇರತ್ತೆ. ಇ-ಸ್ಕೂಟರ್ ಚಾರ್ಜಿಂಗಲ್ಲಿ ಸೋರೋದೂ ಸೇರಿ ಕಿಲೋಮೀಟರಿಗೆ 35 ವ್ಯಾಟ್-ಅವರ್ (ಒಂದು ಯೂನಿಟ್ ಅಂದ್ರೆ 1,000 ವ್ಯಾಟ್-ಅವರ್) ಅಂತ ಇಟ್ಕೊಂಡ್ರೆ ಸುಮಾರು 25 ಗ್ರಾಂ, 45 ಮೈಲೇಜಿನ ಪೆಟ್ರೋಲ್ ಸ್ಕೂಟರಿಗೆ 51 ಗ್ರಾಂ. ಅರ್ಧ ಉಳಿತಾಯ, ಖಂಡಿತ ಒಳ್ಳೇದೇ. ಆದ್ರೆ ನಡ್ಕೊಂಡು ಹೋದ್ರೆ ಪೂರ್ತಿ ಉಳಿತಾಯ.

5. ಬಂಕ್ ಮಾರಾಟದ ಜೊತೆ ತಾಳೆ ನೋಡೋದು

ಊರಿನ ಬಂಕುಗಳಲ್ಲಿ ವರ್ಷಕ್ಕೆ ಎಷ್ಟು ಪೆಟ್ರೋಲ್ ಮಾರಾಟ ಆಯ್ತು ಅನ್ನೋದನ್ನ ಪಾಲಿಕೆ ಆಯುಕ್ತರ ಪತ್ರದ ಮೂಲಕ ಜಿಲ್ಲೆಯ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ, ತೈಲ ಕಂಪನಿಗಳ ಮಾರಾಟ ವಿಭಾಗಕ್ಕೆ ಕೇಳಿ. ನೀವು ನೀವಾಗೇ ಹೋಗಿ ಕೇಳಿದ್ರೆ ಕೊಡೋದು ಕಷ್ಟ. ಪತ್ರಕ್ಕೆ ಉತ್ತರ ಬರದಿದ್ರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಒಂದೊಂದು ಬಂಕಿನ ಲೆಕ್ಕ ಕೇಳಿದ್ರೆ ವ್ಯಾಪಾರದ ಗುಟ್ಟು ಅಂತ ತಿರಸ್ಕರಿಸ್ತಾರೆ, ಒಟ್ಟು ಮೊತ್ತ ಕೇಳಿ.

ಪೆಟ್ರೋಲ್ ಬಹುಪಾಲು ಬೈಕು ಕಾರಿಗೇ ಹೋಗೋದ್ರಿಂದ ಈ ತಾಳೆ ಚೆನ್ನಾಗಿ ಕೆಲಸ ಮಾಡತ್ತೆ. ಡೀಸೆಲ್ ಬೇಡ, ಅದರಲ್ಲಿ ಲಾರಿ, ಬಸ್ಸು, ಟ್ರ್ಯಾಕ್ಟರು, ಜನರೇಟರು ಎಲ್ಲ ಸೇರಿರತ್ತೆ. ಹೆದ್ದಾರಿ ಪಕ್ಕದ ಬಂಕುಗಳನ್ನ ಹೊರಗಿಡಿ ಅಥವಾ ಬೇರೆ ತೋರಿಸಿ, ಊಟಿ, ವಯನಾಡು ಕಡೆ ಹೋಗೋ ಪ್ರವಾಸಿಗಳು ಮೈಸೂರಲ್ಲಿ ತುಂಬಿಸ್ಕೊಂಡು ಹೋಗ್ತಾರೆ. ಮಂಗಳೂರಿನವರಿಗೆ ತಲಪಾಡಿ ಗಡಿಯ ಬಂಕುಗಳು ಇದೇ ಥರ. ನಿಮ್ಮ ಕಿಲೋಮೀಟರ್ ಲೆಕ್ಕಕ್ಕೂ ಬಂಕ್ ಲೆಕ್ಕಕ್ಕೂ ಕಾಲು ಭಾಗದೊಳಗಿನ ವ್ಯತ್ಯಾಸ ಇದ್ರೆ ಮುಂದೆ ಹೋಗಿ. ಅದಕ್ಕಿಂತ ಹೆಚ್ಚಿದ್ರೆ ಮೊದಲು ನೋಡಬೇಕಾದ್ದು ಗಾಡಿ ಸಂಖ್ಯೆಯನ್ನ, ಸತ್ತ ಗಾಡಿಗಳು ಒಳಗೆ ಉಳ್ಕೊಂಡಿರತ್ತೆ.

6. ರಸ್ತೆ ಬದಿ ಎಣಿಕೆ

ಐದಾರು ಜಾಗ ಆರಿಸಿ: ಒಂದು ಶಾಲೆ ಮುಂದೆ, ಒಂದು ಮಾರ್ಕೆಟ್ ರಸ್ತೆ, ಒಂದು ಬಡಾವಣೆ ಒಳಗಿನ ರಸ್ತೆ, ಒಂದೆರಡು ಮುಖ್ಯ ರಸ್ತೆ. ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8, ಹದಿನೈದು ನಿಮಿಷಕ್ಕೊಂದು ಸಾಲು. ಒಬ್ಬರು ಒಂದು ದಿಕ್ಕು ಮಾತ್ರ, ಒಂದೂವರೆ ಗಂಟೆ ಆದ ಮೇಲೆ ಬೇರೆಯವರಿಗೆ ಕೊಡಿ, ಕಣ್ಣು ಸೋತ ಮೇಲೆ ಎಣಿಕೆ ಕೆಡತ್ತೆ.

ಇಲ್ಲಿ ನಂಬರ್ ಪ್ಲೇಟ್ ಬಣ್ಣ ನಿಮಗೆ ದೊಡ್ಡ ಸಹಾಯ. ಬಿಳಿ ಪ್ಲೇಟ್ ಕಪ್ಪು ಅಕ್ಷರ ಅಂದ್ರೆ ಖಾಸಗಿ. ಹಳದಿ ಪ್ಲೇಟ್ ಕಪ್ಪು ಅಕ್ಷರ ಅಂದ್ರೆ ಬಾಡಿಗೆ ವಾಹನ. ಕಪ್ಪು ಪ್ಲೇಟ್ ಹಳದಿ ಅಕ್ಷರ ಅಂದ್ರೆ ನಾವೇ ಓಡಿಸ್ಕೊಂಡು ಹೋಗೋ ಬಾಡಿಗೆ ಗಾಡಿ. ಹಸಿರು ಪ್ಲೇಟ್ ಬಿಳಿ ಅಕ್ಷರ ಖಾಸಗಿ ಎಲೆಕ್ಟ್ರಿಕ್, ಹಸಿರು ಪ್ಲೇಟ್ ಹಳದಿ ಅಕ್ಷರ ಬಾಡಿಗೆ ಎಲೆಕ್ಟ್ರಿಕ್. ಹಾಳೆಯಲ್ಲಿ ಬಣ್ಣಕ್ಕೊಂದು ಕಾಲಂ ಮಾಡಿ ಗೀಟು ಹಾಕ್ತಾ ಹೋದ್ರೆ ಖಾಸಗಿ ಎಷ್ಟು, ಇವಿ ಎಷ್ಟು ಅಂತ ಅಲ್ಲೇ ಬಂದುಬಿಡತ್ತೆ. ಬೇರೆ ಜಿಲ್ಲೆ, ಬೇರೆ ರಾಜ್ಯದ ಪ್ಲೇಟುಗಳಿಗೆ ಇನ್ನೊಂದು ಕಾಲಂ.

ಇದರ ಜೊತೆಗೆ ಒಬ್ಬರು ಕಾರೊಳಗೆ ಎಷ್ಟು ಜನ ಇದಾರೆ ಅನ್ನೋದನ್ನ ಮಾತ್ರ ಬರ್ಕೊಳ್ಳಲಿ. ಬೆಳಿಗ್ಗೆ ಎಂಟೂವರೆಗೆ ಯಾವುದಾದ್ರೂ ದೊಡ್ಡ ಶಾಲೆ ಗೇಟಿನ ಎದುರು ನಿಂತು ನೋಡಿ: ಮುಂದೆ ಡ್ರೈವರ್ ಸೀಟಲ್ಲಿ ಒಬ್ಬರು, ಹಿಂದೆ ಬ್ಯಾಗ್ ತಬ್ಬಿಕೊಂಡ ಒಂದು ಮಗು, ಇಂಜಿನ್ ಆನ್ ಇದೆ, ಹಿಂದಿನ ಕಾರಿಂದ ಹಾರ್ನು, ಮಗು ಇಳಿದು ಹೋದ ಮೇಲೆ ಅದೇ ಕಾರು ಖಾಲಿ ವಾಪಸ್ ಮನೆಗೆ. ಈ ಖಾಲಿ ವಾಪಸ್ ಪ್ರಯಾಣ ಯಾವ ಸಮೀಕ್ಷೆಯಲ್ಲೂ ಸುಲಭಕ್ಕೆ ಸಿಗಲ್ಲ, ಅದಕ್ಕೇ ಗೇಟಲ್ಲಿ ನಿಂತು ಎಣಿಸಬೇಕು.

ದಸರಾ ತಿಂಗಳು, ಶಾಲೆ ರಜೆ, ಜೋರು ಮಳೆ ದಿನ, ಮುಷ್ಕರದ ದಿನ ಎಣಿಸಬೇಡಿ.

7. ಪಾಲಿಕೆ ಮುಂದೆ ಇಡೋದು: ಯಾರ ಕೈಲಿ ಏನಿದೆ

ಪಾಲಿಕೆಗೆ ಹೋಗಿ "ಬಸ್ ಹೆಚ್ಚು ಬಿಡಿ" ಅಂದ್ರೆ ಅವರು "ಅದು ನಮ್ಮದಲ್ಲ" ಅಂತಾರೆ, ಅಲ್ಲಿಗೆ ಮಾತು ಮುಗೀತು. ಮೈಸೂರು ನಗರ ಬಸ್ಸು ಕೆಎಸ್‌ಆರ್‌ಟಿಸಿ ಕೈಲಿದೆ, ಹುಬ್ಬಳ್ಳಿ-ಧಾರವಾಡದ್ದು ವಾಯವ್ಯ ಸಾರಿಗೆ ಕೈಲಿ, ಮಂಗಳೂರಲ್ಲಿ ಹೆಚ್ಚಿನ ಸಿಟಿ ಬಸ್ಸು ಖಾಸಗಿಯವರದು, ಅದಕ್ಕೆ ಪರ್ಮಿಟ್ ಕೊಡೋದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಸಿಗ್ನಲ್, ಒನ್ ವೇ ಸಂಚಾರಿ ಪೊಲೀಸರದು. ಹೊಸ ಬಡಾವಣೆ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಪಾಲಿಕೆ ಕೈಲಿ ನೇರವಾಗಿ ಇರೋದು ಫುಟ್‌ಪಾತು, ಪಾಲಿಕೆ ರಸ್ತೆಗಳ ಅಗಲ ಮತ್ತು ವಿನ್ಯಾಸ, ಪಾರ್ಕಿಂಗ್ ಜಾಗ ಮತ್ತು ಶುಲ್ಕ, ಬೀದಿ ದೀಪ, ನೆರಳಿನ ಮರ, ಮಾರ್ಕೆಟ್ ಎಲ್ಲಿರಬೇಕು ಅನ್ನೋದು, ಕಟ್ಟಡ ಪರವಾನಗಿ. ರಾಜ್ಯ ಮಟ್ಟದಲ್ಲಿ ಇವೆಲ್ಲವನ್ನ ಹೊಂದಿಸೋಕೆ ನಗರ ಭೂ ಸಾರಿಗೆ ನಿರ್ದೇಶನಾಲಯ ಇದೆ, ಡಲ್ಟ್ ಅಂತಾರೆ. ಪಾಲಿಕೆ ಎಂಜಿನಿಯರುಗಳಿಗೆ ತಾಂತ್ರಿಕ ಸಹಾಯ ಬೇಕಂದ್ರೆ ಅಲ್ಲಿಗೆ ಬರೆಯೋಕೆ ಹೇಳಿ.

ಸಮಯ ನೋಡ್ಕೊಳ್ಳಿ. ಪಾಲಿಕೆ ಬಜೆಟ್ ತಯಾರಾಗೋದು ಜನವರಿಯಿಂದ ಮಾರ್ಚ್ ಒಳಗೆ. ನವೆಂಬರಲ್ಲಿ ನಿಮ್ಮ ವರದಿ ಆಯುಕ್ತರ ಟೇಬಲ್ ಮೇಲಿರಬೇಕು, ಏಪ್ರಿಲಲ್ಲಿ ಕೊಟ್ರೆ ಒಂದು ವರ್ಷ ಕಾಯ್ತೀರಿ. ಕೇಂದ್ರದ ನ್ಯಾಷನಲ್ ಕ್ಲೀನ್ ಏರ್ ಪ್ರೋಗ್ರಾಂ 2019ರಲ್ಲಿ ಶುರುವಾಗಿದ್ದು, ಅದರಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಈ ಊರಿನವರು ಅದರಡಿ ತಮ್ಮೂರಿಗೆ ಮಾಡಿರೋ ಕ್ರಿಯಾ ಯೋಜನೆ ತರಿಸ್ಕೊಂಡು ಓದಿ, ಸಾರಿಗೆ ಅನ್ನೋ ಶೀರ್ಷಿಕೆಯಡಿ ಏನೇನು ಬರೆದಿದಾರೆ ನೋಡಿ, ನಿಮ್ಮ ಬೇಡಿಕೆಯನ್ನ ಅದರ ಸಾಲಿಗೇ ಜೋಡಿಸಿ. ಬೆಂಗಳೂರು 2023ರ ನವೆಂಬರಲ್ಲಿ ತನ್ನ ಕ್ಲೈಮೇಟ್ ಆಕ್ಷನ್ ಪ್ಲಾನ್ ಬಿಡುಗಡೆ ಮಾಡಿದೆ, ಮಾದರಿಗೆ ಅದನ್ನ ನೋಡ್ಬಹುದು, ಆದ್ರೆ ಅದರ ಗಾತ್ರ ನೋಡಿ ಗಾಬರಿ ಬೇಡ. ನಿಮ್ಮ ವರದಿ ನಾಲ್ಕು ಪುಟ ಸಾಕು, ಕನ್ನಡದಲ್ಲಿರಲಿ, ವಾರ್ಡ್‌ವಾರು ಒಂದು ನಕ್ಷೆ ಇರಲಿ. ತಮ್ಮ ವಾರ್ಡಿನ ಹೆಸರು ಕಂಡ್ರೆ ಕಾರ್ಪೊರೇಟರುಗಳು ಓದ್ತಾರೆ.

8. ಇಳಿಸೋ ಕೆಲಸ: ಶಾಲೆಯಿಂದ ಶುರು ಮಾಡಿ

ನಾನು ಯಾವಾಗಲೂ ಶಾಲೆ ರಸ್ತೆಯಿಂದ ಶುರು ಮಾಡಿ ಅಂತ ಹೇಳೋದು, ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಮನೆಯಿಂದ 3 ಕಿಲೋಮೀಟರ್ ದೂರದ ಶಾಲೆಗೆ ಸ್ಕೂಟರಲ್ಲಿ ಮಗೂನ ಬಿಡೋದು ಅಂದ್ರೆ ಹೋಗೋದು, ಬರೋದು, ಸಂಜೆ ಮತ್ತೆ ಹೋಗೋದು, ಬರೋದು, ದಿನಕ್ಕೆ 12 ಕಿಲೋಮೀಟರ್. 200 ದಿನಕ್ಕೆ 2,400 ಕಿಲೋಮೀಟರ್, ಸುಮಾರು 53 ಲೀಟರ್, 120 ಕೆಜಿಗಿಂತ ಹೆಚ್ಚು. ಒಂದು ಶಾಲೆಯ 100 ಮಕ್ಕಳು ನಡ್ಕೊಂಡೋ ಸೈಕಲಲ್ಲೋ ಬರೋ ಹಾಗಾದ್ರೆ ವರ್ಷಕ್ಕೆ 12 ಟನ್. ಕಾರಲ್ಲಿ ಬರೋ ಮಕ್ಕಳಾದ್ರೆ ಇದರ ಮೂರು ಪಟ್ಟು. ಶಾಲೆ ಬಸ್ಸಲ್ಲಿ ಬಂದ್ರೆ ಇಷ್ಟು ಪೂರ್ತಿ ಉಳಿಯಲ್ಲ, ಬಸ್ಸಿನ ಡೀಸೆಲನ್ನ ಮಕ್ಕಳಿಗೆ ಹಂಚಿ ಕಳೀಬೇಕು, ಆದ್ರೂ ದೊಡ್ಡ ಉಳಿತಾಯವೇ.

ಪಾಲಿಕೆ ಮಾಡಬೇಕಾದ್ದು: ಶಾಲೆ ಸುತ್ತ ಅರ್ಧ ಕಿಲೋಮೀಟರ್ ಫುಟ್‌ಪಾತನ್ನ ಒಂದೇ ಎತ್ತರದಲ್ಲಿ, ತುಂಡಾಗದ ಹಾಗೆ ಮಾಡೋದು, ಚರಂಡಿ ಚಪ್ಪಡಿ ಮುಚ್ಚೋದು, ಟ್ರಾನ್ಸ್‌ಫಾರ್ಮರ್ ಅಡ್ಡ ಇದ್ರೆ ಬೆಸ್ಕಾಂ, ಚೆಸ್ಕಾಂ ಅವರ ಜೊತೆ ಮಾತಾಡೋದು, ರಸ್ತೆ ದಾಟೋ ಜಾಗದಲ್ಲಿ ಉಬ್ಬು ದಾಟು ಪಟ್ಟಿ ಹಾಕೋದು. ಶಾಲೆ ಬಿಡೋ ಹೊತ್ತಲ್ಲಿ ಗೇಟಿನ ಮುಂದಿನ ರಸ್ತೆಗೆ ಅರ್ಧ ಗಂಟೆ ವಾಹನ ಬಿಡದೇ ಇರೋದನ್ನ ಪೊಲೀಸರ ಜೊತೆ ಸೇರಿ ಪ್ರಯೋಗ ಮಾಡ್ಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟಲ್ಲಿ 2020ರ ನವೆಂಬರಿಂದ ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ, ಗಾಳಿ ಎಷ್ಟು ಸುಧಾರಿಸಿತು ಅಂತ ಐಐಎಸ್‌ಸಿ ಜೊತೆ ಅಳೆದ್ರು. ಪ್ರಯೋಗ ಮತ್ತು ಅಳತೆ ಎರಡನ್ನೂ ಒಟ್ಟಿಗೆ ಮಾಡಿದ್ದು ಅಲ್ಲಿ ಕಲೀಬೇಕಾದ ಅಂಶ.

ಎರಡನೇದು ಪಾರ್ಕಿಂಗ್. ಮಾರ್ಕೆಟ್ ರಸ್ತೆಯಲ್ಲಿ ದಿನವಿಡೀ ಫ್ರೀಯಾಗಿ ನಿಲ್ಲಿಸೋಕೆ ಬಿಟ್ರೆ ಬೆಳಿಗ್ಗೆ ಬಂದ ಅಂಗಡಿಯವರ ಗಾಡಿಯೇ ಸಂಜೆವರೆಗೆ ಇರತ್ತೆ, ಗಿರಾಕಿಗಳು ಜಾಗ ಹುಡುಕ್ತಾ ಸುತ್ತು ಹೊಡೀತಾರೆ, ಆ ಸುತ್ತೆಲ್ಲಾ ಹೊಗೆನೇ. ಗಂಟೆ ಲೆಕ್ಕದ ಶುಲ್ಕ, ಹೆಚ್ಚು ಹೊತ್ತಿಗೆ ಹೆಚ್ಚು ದರ. ವ್ಯಾಪಾರಿಗಳು ವಿರೋಧ ಮಾಡೇ ಮಾಡ್ತಾರೆ, ಹಾಗಾಗಿ ಮೊದಲೇ ಒಂದು ವಾರ ಯಾವ ಗಾಡಿ ಎಷ್ಟು ಹೊತ್ತು ನಿಲ್ಲತ್ತೆ ಅಂತ ಅರ್ಧ ಗಂಟೆಗೊಮ್ಮೆ ಓಡಾಡಿ ಬರ್ಕೊಳ್ಳಿ, ಆ ಪಟ್ಟಿ ಅವರ ಸಂಘದ ಸಭೆಯಲ್ಲಿ ತೋರಿಸಿ. ಬಂದ ದುಡ್ಡು ಅದೇ ರಸ್ತೆಯ ಫುಟ್‌ಪಾತಿಗೆ ಹಾಕ್ತೀವಿ ಅಂತ ಠರಾವಲ್ಲೇ ಬರೆಸಿ.

ಸೈಕಲ್ ವಿಚಾರದಲ್ಲಿ ಮೈಸೂರಿಗೆ ಅನುಭವ ಇದೆ, 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಇಲ್ಲೇ ಶುರುವಾಗಿದ್ದು. ಬೇರೆ ಊರಿನವರು ಸೈಕಲ್ ತರೋಕೆ ಮುಂಚೆ ನಿರ್ವಹಣೆ ಗುತ್ತಿಗೆ ಎಷ್ಟು ವರ್ಷಕ್ಕೆ, ದುಡ್ಡು ಎಲ್ಲಿಂದ ಅನ್ನೋದನ್ನ ಬರೆದುಕೊಳ್ಳಿ. ಸ್ಟ್ಯಾಂಡ್ ಕಟ್ಟಿಸೋದು ಸುಲಭ, ಐದನೇ ವರ್ಷ ಟೈರು ಬದಲಾಯಿಸೋದೇ ಕಷ್ಟ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. "ರಸ್ತೆ ಅಗಲ ಮಾಡಿದ್ರೆ ಗಾಡಿ ಸರಾಗ ಓಡತ್ತೆ, ಹೊಗೆ ಕಡಿಮೆ ಆಗತ್ತೆ" ಅಂತ ಸಭೆಯಲ್ಲಿ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಸ್ವಲ್ಪ ದಿನ ಸರಾಗ ಆಗತ್ತೆ ನಿಜ, ಆಮೇಲೆ ಬಸ್ಸಲ್ಲಿ ಹೋಗ್ತಿದ್ದೋರು ಬೈಕ್ ತೆಗೀತಾರೆ, ಒಂದೇ ಸಲ ಹೋಗ್ತಿದ್ದೋರು ಎರಡು ಸಲ ಹೋಗ್ತಾರೆ, ರಸ್ತೆ ಮತ್ತೆ ತುಂಬತ್ತೆ. ಇದನ್ನ ಇಂಡ್ಯೂಸ್ಡ್ ಡಿಮಾಂಡ್ ಅಂತಾರೆ, ಅಂದ್ರೆ ಜಾಗ ಕೊಟ್ಟಷ್ಟೂ ಗಾಡಿ ಹುಟ್ಕೊಳ್ಳೋದು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ರಸ್ತೆ ಜಾಗವನ್ನ ವಾಹನಗಳಿಗಲ್ಲ, ಜನರಿಗೆ ಹಂಚಬೇಕು ಅನ್ನತ್ತೆ, ಅದನ್ನ ಅವರ ಮುಂದಿಡಿ.

9. ಮತ್ತೆ ಅಳೆಯೋದು

ಕೆಲಸ ಮುಗಿದು ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಅದೇ ಜಾಗ, ಅದೇ ತಿಂಗಳು, ಅದೇ ವಾರದ ದಿನ, ಅದೇ ಹಾಳೆ. ಏನೂ ಬದಲಾವಣೆ ಮಾಡದ ಇನ್ನೊಂದು ಶಾಲೆ ರಸ್ತೆಯನ್ನೂ ಜೊತೆಜೊತೆಗೆ ಎಣಿಸಿ, ಇದು ಬಹಳ ಮುಖ್ಯ. ಪೆಟ್ರೋಲ್ ರೇಟ್ ಏರಿದ್ರೆ, 2023ರ ಜೂನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಫ್ರೀ ಆದ ಹಾಗೆ ಏನಾದ್ರೂ ದೊಡ್ಡ ಬದಲಾವಣೆ ಆದ್ರೆ ಎರಡೂ ರಸ್ತೆಯಲ್ಲಿ ಗಾಡಿ ಕಡಿಮೆ ಆಗತ್ತೆ. ನಿಮ್ಮ ಫುಟ್‌ಪಾತಿಂದ ಆದ ಫಲ ಎಷ್ಟು ಅಂದ್ರೆ ಆ ಎರಡು ರಸ್ತೆಗಳ ಇಳಿಕೆಯ ನಡುವಿನ ವ್ಯತ್ಯಾಸ ಅಷ್ಟೇ.

ಗಾಡಿಗಳು ಪಕ್ಕದ ರಸ್ತೆಗೆ ತಿರುಗಿಕೊಂಡಿವೆಯಾ ಅಂತಲೂ ನೋಡಿ, ಹಾಗಾಗಿದ್ರೆ ಹೊಗೆ ಇಳಿದಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ಒಟ್ಟು ಸಂಖ್ಯೆ ಏರಿದ್ರೆ ಅದನ್ನೂ ಹಾಗೇ ವರದಿಯಲ್ಲಿ ಹಾಕಿ, ಬೆಳೆಯೋ ಊರಲ್ಲಿ ಒಟ್ಟು ಏರೋದು ಸಹಜ, ಪಕ್ಕದಲ್ಲೇ ಒಬ್ಬ ನಿವಾಸಿಗೆ ವರ್ಷಕ್ಕೆ ಎಷ್ಟು ಕೆಜಿ ಅನ್ನೋದನ್ನೂ ಕೊಡಿ. ಕಚ್ಚಾ ಹಾಳೆಗಳು, ಎಕ್ಸೆಲ್ ಶೀಟು, ಬಳಸಿದ ಫ್ಯಾಕ್ಟರುಗಳು ಇಷ್ಟನ್ನೂ ಪಾಲಿಕೆ ಪರಿಸರ ವಿಭಾಗಕ್ಕೆ ಒಂದು ಪ್ರತಿ, ಊರಿನ ಯಾವುದಾದ್ರೂ ಕಾಲೇಜಿನ ಸಿವಿಲ್ ವಿಭಾಗಕ್ಕೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ. ಆಯುಕ್ತರು ವರ್ಗ ಆಗಿ ಹೋದ್ರೂ ಮುಂದಿನೋರು ಅದೇ ಶೀಟಲ್ಲಿ ಹೊಸ ಕಾಲಂ ಹಾಕಿ ಮುಂದುವರಿಸ್ಬಹುದು.